ಪುಟ್ಟಬಸಮ್ಮನ ಸಗ್ಗ

ಪವಿತ್ರಾ ಗಂಡನ ಕೈಯಿಂದ ತಣ್ಣೀರಿನ ಬಕೆಟ್ಟು ಕಿತ್ತುಕೊಂಡು ತೆಂಗಿನ ಬುಡಕ್ಕೆ ಸುರಿದುಬಿಟ್ಟಳು. ಅಂಗಳದಲ್ಲಿ, ಹೆಂಗಸರು ಹಿಡಿದ ಸೀರೆಯ ಮರೆಯೊಳಗೆ, ಅತ್ತೆ ಪುಟ್ಟಬಸಮ್ಮನ ಹೆಣ ಕಡೆಯ ಸ್ನಾನಕ್ಕೆ ಕಾದಿತ್ತು.

“ಬಿಸಿನೀರೇ ಆಗ್ಬೇಕು,” ಎಂದವಳೇ ಹಂಡೆಯ ಒಲೆಗೆ ಸೌದೆ ತುರುಕಿದಳು.

“ಗುಂಡಿ ತೋಡಾಯ್ತು. ನರಸೀಪುರದ ನೆಂಟ್ರು ಬಸ್ಸಿಗ್ ಓಗ್ಬೇಕು ಕಣಮ್ಮಿ,” ಎಂದ ಗಂಡ ಮರಿಸ್ವಾಮಿ.

“ಓಗೋರು ಓಗ್ಲಿ.”

ಊರ ಹಿರಿಯ ರಾಚಯ್ಯ ಜಗಲಿಯಿಂದಲೇ ಗೊಣಗಿದ. “ಸತ್ತೋರ್ಗೆ ಬಿಸಿ ಏನು, ತಣ್ಣಗೇನು? ಯಾರಾರ ಪದ ಕಟ್ಟಿ ಅತ್ರೆ ಸಾಕು.”

“ಯಾರ್ ಕಟ್ತಾರೆ ಮಾವ? ಕಟ್ಟೋರೇ ಮಲಗವ್ರಲ್ಲ.”

ಅವಳು ಇನ್ನೊಂದು ಸೌದೆ ಒಲೆಗೆ ತಳ್ಳಿದಳು.

*

ಬಿಳಿಗೆರೆ ಸುತ್ತಿನ ಏಳೆಂಟು ಊರಿಗೆ, ಸಾವಾದರೆ ಹಾಡಿ ಅಳುವವಳು ಪುಟ್ಟಬಸಮ್ಮನೇ. ಸಗ್ಗವೆಂದರೆ ಇಂದ್ರನ ಪಟ್ಟಣ, ರಂಭೆ ಊರ್ವಶಿಯರು ಕುಣಿಯುವ ಜಾಗ ಎಂದು ಓದಿದವರು ಬರೆದುಕೊಳ್ಳಲಿ, ಬೇಡ ಅಂದವರು ಯಾರು? ಅವಳ ಪದದಲ್ಲಿ ಅದು ಚಿಕ್ಕಯ್ಯನಛತ್ರ ದಾಟಿದ ಮೇಲೆ ಸಿಗುವ ಇನ್ನೊಂದು ಹಳ್ಳಿ. ಸತ್ತವರಿಗೆ ಇಲ್ಲಿ ದಕ್ಕದ್ದನ್ನು ಅಲ್ಲಿಟ್ಟು ಕಳಿಸುತ್ತಿದ್ದಳು. ಕೂಲಿಯಲ್ಲೇ ಸವೆದ ಮಾರಯ್ಯನಿಗೆ ನಾಲೆ ಬದಿಯ ಗದ್ದೆ, ಮಕ್ಕಳಿಲ್ಲದ ಚಿನ್ನಮ್ಮನಿಗೆ ಮಡಿಲು ತುಂಬ ಕೂಸು. ಆ ಪದ ಕೇಳಿದ ಮೇಲೇ ಮನೆಯವರಿಗೆ ಹೆಣ ಎತ್ತಲು ಮನಸ್ಸು ಬರುತ್ತಿತ್ತು.

ಸಾವಿನ ಮನೆಗೆ ಹೋಗಿ ಬಂದವರು ತಲೆಗೆ ನೀರು ಹಾಕಿಕೊಳ್ಳದೆ ಒಳಗೆ ಬರುವಂತಿಲ್ಲ. ಅತ್ತೆಗೆ ಹಿತ್ತಿಲಲ್ಲಿ ತಣ್ಣೀರು ಇಡುತ್ತಿದ್ದವಳು ಪವಿತ್ರಾ. ಹೋದ ಮಾಗಿಯಲ್ಲಿ ಮುದುಕಿ ನಡುಗುತ್ತ ಕೇಳಿದ್ದಳು, “ಒಂದ್ ಚೊಂಬು ಬಿಸಿನೀರು ಸಿಕ್ಕದಾ ಮಗ?”

“ದಿನಾ ಸಾವಿಗ್ ಓದ್ರೆ ದಿನಾ ಒಲೆ ಉರ್ಸೋರ್ ಯಾರು?” ಎಂದು ಪವಿತ್ರಾ ಬಾಗಿಲು ಎಳೆದುಕೊಂಡಿದ್ದಳು.

ಅತ್ತೆ ಮತ್ತೆ ಕೇಳಲಿಲ್ಲ. ಬೆಳಿಗ್ಗೆಯಿಂದ ತಾನಾಡಿದ ಆ ಮಾತೇ ಪವಿತ್ರಾಳ ಕಿವಿಯಲ್ಲಿತ್ತು. ಊರಿಗೆಲ್ಲ ಸಗ್ಗ ಕಟ್ಟಿಕೊಟ್ಟವಳನ್ನು ಬರಿಗೈಯಲ್ಲಿ ಕಳಿಸಕೂಡದು ಎಂದು ಅವಳು ಗಟ್ಟಿ ಮಾಡಿಕೊಂಡಿದ್ದಳು.

*

ಹಂಡೆ ಕುದಿಯಿತು. ಪವಿತ್ರಾಳಿಗೆ ಕಂಠವಿರಲಿಲ್ಲ, ಒಡೆದ ಕೊಳವೆಯ ದನಿ. ಆದರೂ ಎಲ್ಲರೆದುರು ನಿಂತು ಹಾಡಿದಳು.

“ಓಗು ನನ್ನತ್ತೆ ಸಗ್ಗದೂರಿಗೆ,
ಅಲ್ಲಿ ಇತ್ತಿಲೊಲೆ ಆರಾಕಿಲ್ಲ,
ಬಾಗ್ಲು ಎಳ್ಕೊಳೋ ಸೊಸೆ ಅಲ್ಲಿಲ್ಲ…”

ಮರಿಸ್ವಾಮಿ ತಲೆ ತಗ್ಗಿಸಿದ. ಬಸ್ಸಿಗೆಂದು ಎದ್ದಿದ್ದ ನೆಂಟರ ಹೆಂಗಸರು ಮತ್ತೆ ಕುಳಿತು ಅವಳ ಹಿಂದೆ ಸೊಲ್ಲು ಹಿಡಿದರು. ಪಕ್ಕದ ಮನೆಯ ಕೆಂಪಾಜಮ್ಮ ಹಂಡೆಯಿಂದ ಚೊಂಬು ತುಂಬಿ ಹೆಣದ ನೆತ್ತಿಯ ಮೇಲೆ ಎತ್ತಿದಳು.

“ತಡಿಯಕ್ಕ,” ಎಂದು ಪವಿತ್ರಾ ಹಾಡು ನಿಲ್ಲಿಸಿ, ಸೀರೆಯ ಮರೆಯೊಳಗೆ ಬಂದು ಚೊಂಬಿಗೆ ಬೆರಳದ್ದಿದಳು. “ಸುಡ್ತದೆ.”

ಒಂದಿಷ್ಟು ತಣ್ಣೀರು ಬೆರೆಸಿದಳು. ಮತ್ತೆ ಬೆರಳದ್ದಿ ನೋಡಿದಳು. ಆಮೇಲೆ ತಾನೇ ಚೊಂಬು ತೆಗೆದುಕೊಂಡು, ಇನ್ನೊಂದು ಕೈಯನ್ನು ಅತ್ತೆಯ ಕಣ್ಣಿಗೆ ಅಡ್ಡ ಹಿಡಿದು, ನಿಧಾನವಾಗಿ ಹುಯ್ದಳು.