ಹಿರಿಸೊಸೆಯ ಜಾಮೀನು

"ಈ ಸಲ ಯಾರೇ ಸತ್ರು?" ಎಂದು ಸಾಹುಕಾರ ನನ್ನನ್ನು ಕೇಳಿದ. ಅವನ ಹೊಲಿಗೆ ಶೆಡ್ಡಿನಲ್ಲಿ ರಜೆ ಸಿಗುವುದು ಸಾವಿಗೆ ಮಾತ್ರ, ಅದೂ ತೀರ ಹತ್ತಿರದವರು ಸತ್ತರೆ.

"ಯಾರೂ ಸತ್ತಿಲ್ಲ ಸಾವ್ಕಾರ್ರೇ. ನಾಳೆ ಕೋರ್ಟಿಗೆ ಹೋಗ್ಬೇಕು" ಎಂದೆ.

"ಯಾವ ಕೇಸಿಗೆ?"

"ನಿಮ್ಮ ಮೇಲೆ ಹಾಕಿರೋದಕ್ಕೇ."

ಪಕ್ಕದ ಮಿಷನ್ನಿನವಳು ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡಳು. ಸಾಹುಕಾರನ ಮುಖ ಕೆಂಪಗಾಯಿತು.

"ಬೇವರ್ಸಿ ಮುಂಡೆ. ನನ್ನ ಅನ್ನ ತಿಂದು ನನ್ನ ಮೇಲೇ ಕೇಸು, ಅದಕ್ಕೆ ರಜೆನೂ ನನ್ನ ಹತ್ರಾನೇ. ನಿನ್ನಂಥವಳನ್ನ ನಾನೆಲ್ಲೂ ನೋಡಿಲ್ಲ ಕಣೇ."

"ನಾನೂ ನಿಮ್ಮಂಥವರನ್ನ ನೋಡಿಲ್ಲ ಸಾವ್ಕಾರ್ರೇ."

"ಹೋಗು, ಹಾಳಾಗಿ ಹೋಗು. ಎರಡು ದಿನದ ಕೂಲಿ ಕಟ್."

"ಹೋಗೋದು ಒಂದೇ ದಿನ ಅಲ್ವಾ?"

"ಒಂದು ನೀನು ಹೋಗೋದಕ್ಕೆ. ಇನ್ನೊಂದು ನಾನು ಬರೋದಕ್ಕೆ."

ಇಂಥ ಲೆಕ್ಕಾಚಾರ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಆದರೂ ತಲೆ ತಗ್ಗಿಸಿ ಕಾಲರ್ ಹೊಲಿಯುತ್ತೇನೆ. ಊರಿನಲ್ಲಿ ಇರುವುದು ಅವನದೊಂದೇ ಶೆಡ್ಡು, ನನಗೆ ಬರುವುದು ಹೊಲಿಗೆಯೊಂದೇ.

ಮೊದಲು ಹೀಗಿರಲಿಲ್ಲ. ಮನೆಯಲ್ಲಿ ಅತ್ತೆಯ ಮಿಷನ್ ಇತ್ತು. ಅತ್ತೆ ಅದನ್ನು ತವರಿನಿಂದ ತಂದವರು. ಅದು ನನಗಿಂತ ಮೊದಲು ಮನೆ ಸೇರಿದ್ದರಿಂದ ಅವರ ಪಾಲಿಗೆ ಅದು ಹಿರಿಸೊಸೆ, ನಾನು ಕಿರಿಸೊಸೆ. ಬೈಗುಳ ಬೀಳುತ್ತಿದ್ದುದು ಕಿರಿಸೊಸೆಗೆ ಮಾತ್ರ. ಅದರಲ್ಲೇ ನಾನು ಸಾಹುಕಾರನ ಅಂಗಿಗಳಿಗೆ ಕಾಲರ್ ಹೊಲಿದುಕೊಡುತ್ತಿದ್ದೆ. ಅವನು ಕೊಡುವುದು ದಾರಕ್ಕೂ ಸಾಲದೆಂದು ಬಿಟ್ಟು, ನಮ್ಮ ಬೀದಿಯ ಮಕ್ಕಳ ಶಾಲೆಯ ಬಟ್ಟೆ ಹಿಡಿದೆ. ನನ್ನನ್ನು ನೋಡಿ ಇನ್ನೂ ಕೆಲವರು ಅವನ ಕೆಲಸ ಬಿಟ್ಟರು. ಅವನ ಹೊಟ್ಟೆಗೆ ಬೆಂಕಿ ಬಿತ್ತು. ಒಂದು ಮಧ್ಯಾಹ್ನ ಶೆಡ್ಡಿನ ಮೇಸ್ತ್ರಿ ಇಬ್ಬರು ಆಳುಗಳೊಂದಿಗೆ ಬಂದು, ಸೂಜಿಯ ಕೆಳಗೆ ನೀಲಿ ಬಟ್ಟೆ ಅರ್ಧ ಹೊಲಿದದ್ದು ಇದ್ದ ಹಾಗೇ ಮಿಷನ್ನನ್ನು ಹೊತ್ತುಕೊಂಡು ಹೋದ. ಅತ್ತೆ ಅದನ್ನು ತಬ್ಬಿ ಹಿಡಿದಿದ್ದರು. ಅವನು ಒಂದೊಂದೇ ಬೆರಳು ಬಿಡಿಸಿದ.

ಪೊಲೀಸರ ಬಗ್ಗೆ ಸುಳ್ಳು ಹೇಳಬಾರದು. ದೂರು ಕೊಟ್ಟ ವಾರದೊಳಗೆ ಸಾಹುಕಾರನ ಗೋದಾಮಿನಿಂದ ಮಿಷನ್ ಹಿಡಿದು ತಂದರು. ನಾನು ಖುಷಿಯಾಗಿ ಕೈಗಾಡಿ ತಳ್ಳಿಕೊಂಡು ಠಾಣೆಗೆ ಹೋದೆ.

"ಎಲ್ಲಿಗಮ್ಮ ಒಯ್ತೀಯ? ಅದೀಗ ನಿನ್ನ ಮಿಷನ್ ಅಲ್ಲ, ಸಾಕ್ಷಿ" ಎಂದರು ಸಾಹೇಬರು.

ಸಾಹುಕಾರನಿಗೆ ಅಂದು ಸಂಜೆಯೇ ಜಾಮೀನು ಸಿಕ್ಕಿತು. ಮಿಷನ್ನಿಗೆ ಇಂದಿಗೂ ಸಿಕ್ಕಿಲ್ಲ. ಅದು ತನ್ನದೇ, ಹೊಲಿಯಲೆಂದು ಕೊಟ್ಟಿದ್ದೆ ಎಂದು ಅವನು ಕೋರ್ಟಿನಲ್ಲಿ ಹೇಳಿದ. ಯಾರದೆಂದು ತೀರ್ಮಾನವಾಗುವ ತನಕ ಯಾರಿಗೂ ಬೇಡವೆಂದು ಕೋರ್ಟು ತನ್ನ ಕೋಣೆಯಲ್ಲೇ ಇಟ್ಟುಕೊಂಡಿತು. ರಸೀದಿ ಇದ್ದರೆ ತಾ ಎಂದರು. ಮಗಳಿಗೆ ಕೊಟ್ಟದ್ದಕ್ಕೆ ಯಾವ ತವರಿನವರು ರಸೀದಿ ಕಟ್ಟಿ ಕಳಿಸುತ್ತಾರೆ?

ಹೊಟ್ಟೆ ವಾಯಿದೆ ಕೇಳುವುದಿಲ್ಲವಲ್ಲ, ಅವನ ಶೆಡ್ಡಿಗೇ ಹೋದೆ. ಅವನು ಬಾಯಿತುಂಬ ನಕ್ಕು, ಕಕ್ಕಸಿನ ಬಾಗಿಲ ಪಕ್ಕದ ಮಿಷನ್ ತೋರಿಸಿದ. ಒಮ್ಮೆ ಕೇಸಿನ ದಿನವೇ ರಜೆ ಕೊಡದೆ ಕೂರಿಸಿಕೊಂಡ. ಫಿರ್ಯಾದಿಯೇ ಗೈರುಹಾಜರು ಎಂದು ಕೋರ್ಟು ನನ್ನ ಮೇಲೆ ವಾರಂಟು ಹೊರಡಿಸಿತು. ಪೊಲೀಸಿನವನು ಶೆಡ್ಡಿಗೆ ಬಂದು ಎಲ್ಲರೆದುರು ನನ್ನನ್ನು ಎಬ್ಬಿಸಿಕೊಂಡು ಹೋದ. ಬಿಡಿಸಿಕೊಳ್ಳಲು ಆಸ್ತಿ ಇದ್ದವರ ಜಾಮೀನು ಬೇಕು. ನಮ್ಮ ಬೀದಿಯಲ್ಲಿ ಆಸ್ತಿ ಎಂದರೆ ಪಾತ್ರೆ ಪಡಗ. ಕೊನೆಗೆ ಸಾಹುಕಾರನೇ ಬಂದು ಸಹಿ ಹಾಕಿದ. ಮರುದಿನ ಮುಗಿಸಬೇಕಾದ ಕಾಲರ್‌ಗಳಿದ್ದವು. ಕೆಲಸದವರ ಮೇಲೆ ಇಷ್ಟು ಕಾಳಜಿ ಇರುವ ಮಾಲೀಕರು ಅಪರೂಪ ಎಂದು ಜಡ್ಜು ಸಾಹೇಬರು ಮೆಚ್ಚಿಕೊಂಡರು.

ಎರಡು ದಿನದ ಕೂಲಿ ಕಳೆದುಕೊಂಡು ರಜೆ ಪಡೆದ ಆ ಸಂಜೆ ಮನೆಗೆ ಬಂದಾಗ ಅತ್ತೆ ಎಂದಿನಂತೆ ಬಾಗಿಲಲ್ಲೇ ಕೂತಿದ್ದರು. ಕಣ್ಣು ಮಂಜಾಗಿದೆ, ಹೆಜ್ಜೆ ಸಪ್ಪಳದಿಂದಲೇ ಗುರುತು ಹಿಡಿಯುತ್ತಾರೆ.

"ನಾಳೆ ಹಿರಿಸೊಸೆ ಬರ್ತಾಳೇನೇ?"

"ಗುರುತು ಹಿಡಿಯೋಕೆ ಕರೆದಿದಾರೆ ಅತ್ತೆ. ನಮ್ಮದೇ ಅಂತ ತೋರಿಸಿದ್ರೆ ಕೊಟ್ರೂ ಕೊಟ್ರು."

ಅತ್ತೆ ತಡಕಾಡಿ ಮೂಲೆಯಿಂದ ಎಣ್ಣೆಬುಡ್ಡಿ ತೆಗೆದರು. "ಅವಳ ಮೈಗೆ ಎಣ್ಣೆ ಬಿದ್ದು ಎಷ್ಟು ಕಾಲ ಆಯ್ತೋ. ತಗೊಂಡು ಹೋಗು. ಅವತ್ತು ನಾನು ಕೈ ಬಿಟ್ಟೆ. ಈ ಸಲ ಕೈಗೆ ಸಿಕ್ಕಿದ್ರೆ ನೀನು ಬಿಟ್ಟು ಬರ್ಬೇಡ."

ಕೋರ್ಟಿನಲ್ಲಿ ನಮ್ಮ ಕೇಸು ಕೂಗಿದಾಗ ಜವಾನರಿಬ್ಬರು ಮಿಷನ್ನನ್ನು ಹೊತ್ತು ತಂದು ನಡುವೆ ಇಳಿಸಿದರು. ಅದರ ಕುತ್ತಿಗೆಗೆ ಒಂದು ಚೀಟಿ, ಅದಕ್ಕೆ ಅರಗಿನ ಮುದ್ರೆ. ಹಲಗೆಯ ತುಂಬ ಚಹಾ ಲೋಟದ ಉಂಗುರಗಳು. ನೀಲಿ ಬಟ್ಟೆ ಇನ್ನೂ ಸೂಜಿಯ ಕೆಳಗೇ ಇತ್ತು, ಮೇಲೆ ನೀಲಿ ದಾರದ ಉಂಡೆಯೂ ಇತ್ತು. ಚಕ್ರದ ಚರ್ಮದ ಬೆಲ್ಟು ಮಾತ್ರ ಇರಲಿಲ್ಲ. ಕಣ್ಣಾಡಿಸಿದರೆ, ಜಡ್ಜರ ಕೆಳಗೆ ಕೂರುವ ಗುಮಾಸ್ತನ ಮೇಜಿನ ಮೇಲೆ ಫೈಲುಗಳ ಒಂದು ದೊಡ್ಡ ಕಟ್ಟಿಗೆ ಅದನ್ನು ಬಿಗಿದಿದ್ದರು.

ಸಾಹುಕಾರನಿಗೆ ಮಂಡಿನೋವೆಂದು ಆರೋಪಿಯ ಕಟಕಟೆಯ ಪಕ್ಕ ಕುರ್ಚಿ ಹಾಕಿದ್ದರು. ನನಗೆ ಯಾವ ನೋವೂ ಇಲ್ಲದ್ದರಿಂದ ನಿಂತಿದ್ದೆ. ಅವನ ವಕೀಲ ಎದ್ದ.

"ಇಂಥ ಮಿಷನ್ ಊರ ತುಂಬ ಇದೆ. ಇದು ನಿಂದೇ ಅನ್ನೋಕೆ ಗುರುತೇನಮ್ಮ?"

"ಕೆಳಗೆ ಕಾಲಿಡೋ ಜಾಗದಲ್ಲಿ ಎಡಗಡೆ ಸವೆದಿದೆ ನೋಡಿ ಸ್ವಾಮಿ. ನಮ್ಮ ಅತ್ತೆಗೆ ಬಲಗಾಲು ಸ್ವಾಧೀನ ಇಲ್ಲ, ಎಡಗಾಲಲ್ಲೇ ತುಳೀತಿದ್ರು. ನಾನೂ ಅವರನ್ನ ನೋಡೇ ಕಲಿತಿದ್ದು."

"ಹಾಗಾದ್ರೆ ನಿಮ್ಮತ್ತೆ ಕಾಲನ್ನೂ ಜಪ್ತಿ ಮಾಡಿ ತರಿಸೋಣ್ವಾ?"

ಎಲ್ಲರೂ ನಕ್ಕರು. ನನಗೆ ಸರ್ಕಾರ ಬಿಟ್ಟಿಯಾಗಿ ಕೊಟ್ಟ ವಕೀಲನೂ ನಕ್ಕ. ಜಡ್ಜರು ನಗು ನಿಲ್ಲಿಸಿ ಮೃದುವಾಗಿ ಹೇಳಿದರು: "ನಿಮ್ಮ ಕಷ್ಟ ಕೋರ್ಟಿಗೆ ಅರ್ಥ ಆಗುತ್ತಮ್ಮ. ಆದರೆ ಸವೆದದ್ದು ಯಾವ ಕಾಲಿಂದ ಅಂತ ನಾವು ಹೇಳೋಕಾಗಲ್ಲ. ತಜ್ಞರ ವರದಿ ಬೇಕು. ರಜೆ ಮುಗಿದ ಮೇಲೆ ನೋಡೋಣ."

ಕೋರ್ಟಿಗೆ ಬೇಸಿಗೆಯ ರಜೆ. ಅದಕ್ಕೆ ಅವರ ಮನೆಯಲ್ಲಿ ಯಾರೂ ಸಾಯಬೇಕಿಲ್ಲ.

"ಅಭ್ಯಂತರ ಇಲ್ಲ ಸ್ವಾಮಿ" ಎಂದ ನನ್ನ ವಕೀಲ. ಸಾಹುಕಾರ ಮಂಡಿನೋವು ಮರೆತು ಚಂಗನೆ ಎದ್ದ. ಜವಾನರು ಮಿಷನ್ನಿನತ್ತ ಬಂದರು.

ಅಷ್ಟರಲ್ಲಿ ನಾನು ಗುಮಾಸ್ತನ ಮೇಜಿಗೆ ಹೋಗಿ ಬೆಲ್ಟಿನ ಕೊಂಡಿ ಬಿಚ್ಚಿ ಎಳೆದೆ. ಫೈಲುಗಳು ಬಿಚ್ಚಿಕೊಂಡು ನೆಲದ ತುಂಬ ಹರಡಿದವು. ಸಾಹುಕಾರನ ಖಾಲಿ ಕುರ್ಚಿ ಎಳೆದುಕೊಂಡು ಕೂತು, ಬೆಲ್ಟನ್ನು ಚಕ್ರಕ್ಕೆ ಹಾಕಿ, ಎಣ್ಣೆ ಬಿಟ್ಟೆ. ಗುರುತು ಹಿಡಿಯುವ ಕ್ರಮದಲ್ಲಿ ಇದೂ ಒಂದಿರಬೇಕೆಂದು ಎಲ್ಲರೂ ಸುಮ್ಮನೆ ನೋಡುತ್ತಿದ್ದರು. ನಾನು ನನ್ನ ಸೆರಗನ್ನು ಆ ನೀಲಿ ಬಟ್ಟೆಯ ಮೇಲಿಟ್ಟು, ಎಡಗಾಲಲ್ಲಿ ತುಳಿದೆ. ಹಿರಿಸೊಸೆ ಮೊದಲು ನರಳಿದಳು, ಆಮೇಲೆ ಓಡಿದಳು. ಉದ್ದಕ್ಕೆ ಒಂದು ಹೊಲಿಗೆ, ಅಡ್ಡಕ್ಕೆ ಒಂದು. ಸೂಜಿಯನ್ನು ಬಟ್ಟೆಯೊಳಗೇ ಇಳಿಸಿ ನಿಲ್ಲಿಸಿದೆ.

"ಏಯ್, ಏಳೇ ಮೇಲೆ" ಎಂದು ಜವಾನ ರಟ್ಟೆ ಹಿಡಿದ. ಸೆರಗು ಜಗ್ಗಿತು, ಮಿಷನ್ನೂ ಜಗ್ಗಿತು.

"ಒಳಗೆ ಒಯ್ಯೋದಾದ್ರೆ ಇಬ್ರನ್ನೂ ಒಯ್ರಿ. ನನ್ನ ಕುತ್ತಿಗೆಗೂ ಒಂದು ಚೀಟಿ ಕಟ್ಟಿ" ಎಂದೆ.

ಇನ್ನೊಬ್ಬ ಜವಾನ ಎಲ್ಲಿಂದಲೋ ಕತ್ತರಿ ತಂದ. ನೆಲದ ಮೇಲೆ ಹಾಳೆ ಹೆಕ್ಕುತ್ತಿದ್ದ ಗುಮಾಸ್ತ ಹೆದರಿ ಕೂಗಿದ: "ಕತ್ತರಿಸ್ಬೇಡ ಮಾರಾಯ. ಆ ದಾರಾನೂ ಸಾಕ್ಷಿ. ಬಟ್ಟೆನೂ ಸಾಕ್ಷಿ. ಎಲ್ಲಾ ಪಟ್ಟೀಲಿದೆ."

ಕತ್ತರಿ ಗಾಳಿಯಲ್ಲೇ ನಿಂತಿತು. ಜಡ್ಜರು ನನ್ನ ವಕೀಲನನ್ನು ನೋಡಿದರು, ಅವನು ಆ ಕಡೆಯ ವಕೀಲನನ್ನು ನೋಡಿದ. ಇದಕ್ಕೆ ಯಾವ ಕಾನೂನು ಎಂದು ಯಾರಿಗೂ ಹೊಳೆಯಲಿಲ್ಲ.

ಬಾಗಿಲ ಬಳಿಯಿಂದ ಸಾಹುಕಾರ ಹಲ್ಲು ಕಡಿದ. "ನಾಳೆಯಿಂದ ಕೆಲಸಕ್ಕೆ ಬರ್ಬೇಡ ಕಣೇ, ಬೋಳಿ."

"ಕೆಲಸದಲ್ಲೇ ಇದೀನಿ ಸಾವ್ಕಾರ್ರೇ" ಎಂದು ಮತ್ತೆ ಎಡಗಾಲು ಇಟ್ಟೆ.