ಬಲವಟ್ಟು

ಮೊದಲು ಆರೂ ತಂತಿಗಳು ಒಟ್ಟಿಗೆ ಝಣ್ಣೆಂದವು. ಅದರ ಬೆನ್ನಿಗೇ ಲಟಕ್ಕೆಂದು ಮರ ಸೀಳಿದ ಸದ್ದು. ಟೈಲರಮ್ಮ ಕೂತಲ್ಲೇ ಕಲ್ಲಾದರು. ಬೆಳಗಿನಿಂದ ಮಷಿನ್ ಮುಂದೆ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತ್ತು. ಮಗನ ಕೋಣೆಯ ಮಂಚದ ಮೇಲೆ ರಾಶಿ ಬಿದ್ದಿದ್ದ ಪರದೆ ಬಟ್ಟೆ ಮೆತ್ತಗೆ ಕಂಡಿತು, ಒಂದು ಗಳಿಗೆ ಕೂತರು, ಅಷ್ಟೇ. ರಾಶಿಯ ಅಡಿಯಲ್ಲಿ ಸೊಸೆಯ ಗಿಟಾರ್ ಮಲಗಿತ್ತು.

"ಏನೇ ಅದು ಸದ್ದು?" ಎನ್ನುತ್ತ ಯಜಮಾನರು ಓಡಿ ಬಂದರು. ಶಾಲೆಯ ಬಸ್ಸು ಓಡಿಸುವ ಅವರಿಗೆ ಅವತ್ತು ರಜೆ. ರಜೆಯ ದಿನ ಹೆಂಡತಿಗೆ ನೆರವಾಗೋಣವೆಂದು ಪರದೆಗಳನ್ನು ಹೊತ್ತು ತಂದು, ಕೆಳಗೇನಿದೆ ಎಂದು ನೋಡದೆ ಮಂಚದ ಮೇಲೆ ಸುರಿದವರು ಅವರೇ.

"ಎಡವಟ್ಟು ಮಾಡ್ಕೊಂಡ್ಯಲ್ಲೇ!"

"ನಾನಾ? ಇಲ್ಲಿ ತಂದು ಸುರಿದೋರು ಯಾರು?"

"ಸುರಿದಿದ್ದು ನಾನು. ಕೂತಿದ್ದು ನೀನು. ಮುರಿದಿದ್ದು ಯಾರ ಭಾರಕ್ಕೆ, ನೀನೇ ಹೇಳು."

ಬೇರೆ ದಿನವಾಗಿದ್ದರೆ ಈ ಮಾತಿಗೆ ಅಳತೆ ಟೇಪು ಗಾಳಿಯಲ್ಲಿ ಹಾರಿ ಬರುತ್ತಿತ್ತು. ಆದರೆ ಇವತ್ತು ಹೆಂಡತಿಯ ಕಣ್ಣಲ್ಲಿ ನೀರಿತ್ತು.

ಸೊಸೆ ಈ ಮನೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಅತ್ತೆ ಸೊಸೆ ಒಬ್ಬರಿಗೊಬ್ಬರು ಕೊಡುತ್ತಿದ್ದ ಮರ್ಯಾದೆ ನೋಡಿದರೆ, ಮನೆಯಲ್ಲಿ ಇಬ್ಬರು ನೆಂಟರಿದ್ದಾರೆ, ಮನೆಯವರು ಎಲ್ಲೋ ಹೊರಗೆ ಹೋಗಿದ್ದಾರೆ ಅನ್ನಿಸುತ್ತಿತ್ತು. ಹುಡುಗಿ ಸಂಜೆ ಕೆಲಸದಿಂದ ಬಂದು, ಕೋಣೆಯ ಬಾಗಿಲು ಮುಚ್ಚಿಕೊಂಡು ಗಿಟಾರ್ ನುಡಿಸುವಳು. ಟೈಲರಮ್ಮ ಮಷಿನ್ ನಿಲ್ಲಿಸಿ, ಗುಂಡಿ ಹಚ್ಚುವ ನೆಪ ಮಾಡಿಕೊಂಡು ಹೊರಗಿನಿಂದಲೇ ಕೇಳುವರು. ಹೆಜ್ಜೆ ಸಪ್ಪಳವಾದರೆ ಸಾಕು, ಒಳಗೆ ನುಡಿಸುವುದು ನಿಂತುಹೋಗುತ್ತಿತ್ತು.

ಹಾಗಿರುವಾಗ ಟೈಲರಮ್ಮ ಹಳದಿ ಹೂವಿನ ಬಟ್ಟೆಯಲ್ಲಿ ಸೊಸೆಗೊಂದು ಸ್ಕರ್ಟು ಹೊಲಿದರು. ಹುಡುಗಿ ಬರೆಯುವುದು, ತರಕಾರಿ ಹೆಚ್ಚುವುದು ಎಲ್ಲ ಎಡಗೈಯಲ್ಲಿ ಎಂಬುದನ್ನು ಗಮನಿಸಿ ಜೇಬನ್ನು ಎಡಕ್ಕೆ ಇಟ್ಟರು. ಸೊಸೆ ತೊಟ್ಟು ನೋಡಿ, ಜೇಬಿಗೆ ಕೈ ಇಳಿಬಿಟ್ಟು, "ಅತ್ತೆ, ನಿಮಗೆ ಹೇಗೆ ಹೊಳೀತು ಇದು?" ಎಂದಿದ್ದಳು. ಆ ಸಂಜೆ ಗಿಟಾರ್ ನುಡಿಸುವಾಗ ಕೋಣೆಯ ಬಾಗಿಲು ಮೊದಲ ಸಲ ತೆರೆದಿತ್ತು. ಇದಿನ್ನೂ ಮೊನ್ನೆ ಮೊನ್ನೆಯ ಮಾತು. ಈಗ ಆ ಬಾಗಿಲು ಮತ್ತೆ ಮುಚ್ಚಿಕೊಂಡರೆ? ಟೈಲರಮ್ಮನಿಗೆ ಅದೊಂದೇ ದಿಗಿಲು.

ಮಗ, ಸೊಸೆ ಸ್ನೇಹಿತರ ಮನೆಗೆ ಹೋಗಿದ್ದರು, ಮರುದಿನ ಸಂಜೆ ಬರುವವರಿದ್ದರು. ಯಜಮಾನರು ರಿಪೇರಿ ಅಂಗಡಿಗೆ ಫೋನು ಮಾಡಿದರೆ, ಇಟ್ಟು ಹೋಗಿ, ವಾರ ಬಿಟ್ಟು ಬನ್ನಿ ಎಂಬ ಉತ್ತರ ಬಂತು.

"ಹರಿದಿದ್ದನ್ನ ಸೇರಿಸೋದೇ ನನ್ನ ಕಸುಬು," ಎಂದು ಟೈಲರಮ್ಮ ಮೂಗು ಒರೆಸಿಕೊಂಡು ಎದ್ದರು. "ಬಟ್ಟೆ ಆದ್ರೇನು, ಮರ ಆದ್ರೇನು. ಎತ್ಕೊಂಡು ಬನ್ನಿ ಮೇಜಿನ ಮೇಲಕ್ಕೆ."

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಗಿಟಾರನ್ನು ಅಂಗಾತ ಮಲಗಿಸಿ ತಂತಿಗಳನ್ನೆಲ್ಲ ಬಿಚ್ಚಿದರು. ಮುಂದಿನ ಹಲಗೆ ಎಳೆಯ ಗುಂಟ ಉದ್ದಕ್ಕೆ ಬಿರುಕು ಬಿಟ್ಟಿತ್ತು. ಒಳಗೆ ಹಲಗೆಗೆ ಆಸರೆಯಾಗಿದ್ದ ಮರದ ಪಟ್ಟಿಯೊಂದು ಅಂಟು ಬಿಟ್ಟು ಜೋತಾಡುತ್ತಿತ್ತು. "ನಾನು ನೋಡ್ತೀನಿ ಬಿಡು," ಎಂದು ಯಜಮಾನರು ಗಿಟಾರಿನ ದುಂಡು ಬಾಯೊಳಗೆ ಕೈ ತೂರಿಸಿದರು. ಕೈ ಹೋಯಿತು. ಬರಲಿಲ್ಲ.

ಟೈಲರಮ್ಮ ಗಿಟಾರ್ ಹಿಡಿದು ಎಳೆಯಹೋದರೆ, "ಎಳೀಬೇಡ, ಎಳೀಬೇಡ! ಇನ್ನೂ ಸೀಳುತ್ತೆ!" ಎಂದು ಯಜಮಾನರು ಕೂಗಿಕೊಂಡರು.

"ಸೋಮವಾರ ಹೀಗೇ ಹೋಗಿ ಬಸ್ಸು ಓಡಿಸಿ," ಎಂದರು ಟೈಲರಮ್ಮ. "ಮಕ್ಕಳು ಗಲಾಟೆ ಮಾಡದೆ ಕೂತಿರ್ತಾರೆ."

ಅಳಬೇಕೆಂದುಕೊಂಡಿದ್ದವರಿಗೆ ನಗು ತಡೆಯಲಾಗಲಿಲ್ಲ. ಮಣಿಕಟ್ಟಿಗೆ ಸೋಪಿನ ನೊರೆ ಸವರಿ ಯಜಮಾನರನ್ನು ಬಿಡಿಸುವಷ್ಟರಲ್ಲಿ ಇಬ್ಬರೂ ಸುಸ್ತಾಗಿದ್ದರು. ಆಮೇಲೆ ಟೈಲರಮ್ಮ ತಮ್ಮ ಪುಟ್ಟ ಕೈಯನ್ನು ಒಳಗಿಳಿಸಿ, ಬೆರಳಿನಿಂದಲೇ ತಡವಿ ತಡವಿ ಪಟ್ಟಿಯ ಸಂದಿಗೆ ಮರದ ಅಂಟು ಬಳಿದರು. ಮೇಲಿನಿಂದ ಬಿರುಕಿಗೂ ಅಂಟು ತುಂಬಿ, ಉಕ್ಕಿ ಬಂದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಬಿರುಕಿನ ಒಳಮೈಗೆ ಒಂದು ತೇಪೆ ಬೇಕೆನ್ನಿಸಿತು. ಚೂರು ಬಟ್ಟೆಯ ಚೀಲವನ್ನು ಕೆದಕಿ ಕೆದಕಿ, ಕೊನೆಗೆ ಸ್ಕರ್ಟಿನಲ್ಲಿ ಮಿಕ್ಕಿದ್ದ ಹಳದಿ ಹೂವಿನ ತುಂಡನ್ನೇ ಹೊರತೆಗೆದರು.

"ಯಾರಿಗೂ ಕಾಣದ ಜಾಗಕ್ಕೆ ಅಷ್ಟು ಒಳ್ಳೆ ಬಟ್ಟೆ ಯಾಕೆ?" ಎಂದರು ಯಜಮಾನರು.

ಟೈಲರಮ್ಮ ಆ ತುಂಡನ್ನು ಅಂಗೈಯಲ್ಲಿ ಸವರಿ ಸುಕ್ಕು ತೆಗೆದರು. ಅಂಚು ಏಳದಂತೆ ಮೂಲೆಗಳನ್ನು ದುಂಡಗೆ ಕತ್ತರಿಸಿ ಒಳಗೆ ಅಂಟಿಸಿದರು.

ಪಟ್ಟಿ ಒಣಗುವ ತನಕ ಅದನ್ನು ಕೆಳಗಿನಿಂದ ಒತ್ತಿ ಹಿಡಿಯುವುದು ಹೇಗೆಂದು ಇಬ್ಬರೂ ತಲೆ ಕೆಡಿಸಿಕೊಂಡರು. ಇದ್ದಕ್ಕಿದ್ದಂತೆ ಯಜಮಾನರ ಮುಖ ಅರಳಿತು. "ಜಾಕ್ ಕಣೇ! ಬಸ್ಸನ್ನೇ ಎತ್ತುತ್ತೆ, ಇದನ್ನ ಎತ್ತಲ್ವಾ?" ಹಳೇ ಸಾಮಾನಿನ ಡಬ್ಬದಿಂದ ಒಂದು ಬೋಲ್ಟು, ಉದ್ದನೆ ನಟ್ಟು ಹುಡುಕಿ ತಂದರು. ಟೈಲರಮ್ಮ ಅದನ್ನು ಒಳಗೆ ನಿಲ್ಲಿಸಿ, ಯಜಮಾನರು ಹೇಳಿದ ಹಾಗೆ ತಿರುಗಿಸುತ್ತ ಹೋದಂತೆ, ಪಟ್ಟಿ ಮೆಲ್ಲನೆ ಮೇಲೆದ್ದು ಹಲಗೆಗೆ ಕಚ್ಚಿಕೊಂಡಿತು. ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಹಳೇ ಇಸ್ತ್ರಿ ಪೆಟ್ಟಿಗೆಯನ್ನು ಭಾರಕ್ಕಿಟ್ಟರು.

ಮರುದಿನ ಇಸ್ತ್ರಿ ಪೆಟ್ಟಿಗೆ ಎತ್ತಿ, ಒಳಗಿನ ಬೋಲ್ಟು ಸಡಿಲಿಸಿ ಹೊರತೆಗೆದು ನೋಡಿದರೆ ಬಿರುಕು ಕೂದಲೆಳೆಯಷ್ಟು ಮಾತ್ರ ಕಾಣುತ್ತಿತ್ತು. ಯಜಮಾನರು ಹೊಸ ತಂತಿಗಳನ್ನು ತಂದು, ಪೊಟ್ಟಣದ ಮೇಲಿನ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದರು.

"ಅಲ್ಲ ಕಣೇ, ಇದು ಮೊದಲು ಉಲ್ಟಾ ಕಟ್ಟಿತ್ತು! ಬಿಚ್ಚುವಾಗ ನಾನು ನೋಡಿದೀನಿ, ದಪ್ಪ ತಂತಿ ಈ ಕಡೆ ಇತ್ತು. ಚಿತ್ರದಲ್ಲಿ ನೋಡು, ಆ ಕಡೆ ಇದೆ. ಪಾಪ, ಹುಡುಗಿಗೆ ಅಂಗಡಿಯವನು ಟೋಪಿ ಹಾಕಿದಾನೆ."

"ಹಂಗಾದ್ರೆ ಅದನ್ನೂ ಸರಿ ಮಾಡಿಬಿಡಿ. ಮುರಿದಿದ್ದಕ್ಕೆ ಅಷ್ಟಾದ್ರೂ ಸಮಾಧಾನ."

ತಂತಿಗಳು ತಮ್ಮ ತಮ್ಮ ಗೀರಿನಲ್ಲಿ ಹೇಳಿ ಮಾಡಿಸಿದ ಹಾಗೆ ಕೂತವು. ಮೊಬೈಲಿನಲ್ಲಿ ನೋಡಿಕೊಂಡು ಯಜಮಾನರು ಒಂದೊಂದನ್ನೇ ಶ್ರುತಿಗೆ ತಂದರು. ಇಬ್ಬರಿಗೂ ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುವಷ್ಟು ಖುಷಿ.

"ಕಾಲು ಒಳಗಿಡ್ತಿದ್ದ ಹಾಗೇ ಎಲ್ಲ ಹೇಳಿಬಿಡ್ತೀನಿ," ಎಂದಿದ್ದರು ಟೈಲರಮ್ಮ. ಸಂಜೆ ಮಗ ಹೆಂಡತಿಯನ್ನು ಬಾಗಿಲಲ್ಲಿ ಇಳಿಸಿ, ಎರವಲು ತಂದಿದ್ದ ಕಾರನ್ನು ಹಿಂದಿರುಗಿಸಲು ಹೋದ. ಅದೇ ಹಳದಿ ಹೂವಿನ ಸ್ಕರ್ಟು ತೊಟ್ಟು ಸೊಸೆ ನಗುನಗುತ್ತ ಒಳಬಂದದ್ದೇ, ಟೈಲರಮ್ಮನ ನಾಲಿಗೆ ಅಂಟಿನಲ್ಲಿ ಅದ್ದಿದ ಹಾಗಾಯಿತು. "ಬಂದ್ಯಾ ಅಮ್ಮಾ?" ಅಂದರೇ ಹೊರತು ಬೇರೆ ಮಾತು ಹೊರಡಲಿಲ್ಲ. ಅಷ್ಟರಲ್ಲಿ ಸೊಸೆ ಕೋಣೆಗೆ ಹೋಗಿ ಮಂಚದ ಮೇಲೆ ಕೂತು ಗಿಟಾರ್ ಎತ್ತಿಕೊಂಡಿದ್ದಳು. ದಣಿದ ಕಣ್ಣು ಮುಚ್ಚಿ, ಅಭ್ಯಾಸಬಲದಿಂದ ಬಲಗೈ ಬೆರಳಲ್ಲಿ ತಂತಿಗಳನ್ನು ಒತ್ತಿ ಹಿಡಿದು ಎಡಗೈಯಲ್ಲಿ ಒಮ್ಮೆ ಮೀಟಿದಳು.

ಅಟ್ಟದಿಂದ ಪಾತ್ರೆ ಉರುಳಿದಂಥ ಸದ್ದು ಬಂತು.

"ಎಡವಟ್ಟಾಯ್ತಮ್ಮಾ!" ಟೈಲರಮ್ಮ ಹೊಸ್ತಿಲಲ್ಲೇ ನಿಂತು ಒಂದೇ ಉಸಿರಿಗೆ ಒದರಿದರು. "ನೋಡ್ದೆ ಅದರ ಮೇಲೆ ಕೂತುಬಿಟ್ಟೆ. ಮುರಿದೋಯ್ತು. ಅಂಟು ಹಾಕಿದೀವಿ, ಆದ್ರೆ ಹಾಳಾಗಿದೆ ಅನ್ಸುತ್ತೆ. ಬೈದುಬಿಡು, ಬಾಗಿಲು ಮಾತ್ರ..."

"ಬಟ್ಟೆ ಸುರಿದೋನು ನಾನಮ್ಮ," ಹಿಂದಿನಿಂದ ಯಜಮಾನರ ದನಿ ಬಂತು. "ತಂತಿ ಕಟ್ಟಿದ್ದೂ ನಾನೇ. ಮೊದಲು ಉಲ್ಟಾ ಇತ್ತು, ಸರಿ ಮಾಡಿದೆ."

ಸೊಸೆ ತಂತಿಗಳನ್ನು ನೋಡಿದಳು. ತಲೆ ತಗ್ಗಿಸಿದಳು. ಅವಳ ಭುಜ ಕುಲುಕತೊಡಗಿತು. ಹುಡುಗಿ ಅಳುತ್ತಿದ್ದಾಳೆಂದು ಟೈಲರಮ್ಮ ಒಂದು ಹೆಜ್ಜೆ ಮುಂದಿಟ್ಟರು. ಮುಖವೆತ್ತಿದರೆ, ನಗು! ಮಾತಾಡಲಾಗದಷ್ಟು ನಗು.

"ಎಡವಟ್ಟಲ್ಲ ಅತ್ತೆ," ಎಂದಳು ಉಸಿರು ಹಿಡಿದು. "ಬಲವಟ್ಟು! ನಾನು ಎಡಗೈಯವಳು ಅಂತ ಬೇಕಂತಲೇ ತಂತಿ ಉಲ್ಟಾ ಕಟ್ಟಿಕೊಂಡಿದ್ದೆ. ನೀವಿಬ್ರೂ ಸೇರಿ ಅದನ್ನ ಬಲಗೈಗೆ ಮಾಡಿಟ್ಟಿದೀರಿ!"

ಟೈಲರಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ ನನ್ನ ಬುದ್ಧಿಗಿಷ್ಟು! ಜೇಬು ಎಡಕ್ಕಿಟ್ಟೋಳು ನಾನೇ ಅಲ್ವಾ!"

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಇಳಿಯುತ್ತಿದ್ದ ಹಾಗೆ ಸೊಸೆ ಮೊಬೈಲಿನ ಬೆಳಕು ಬಿಟ್ಟು ಗಿಟಾರಿನ ಒಳಗೆ ಇಣುಕಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಮಡಿಲಿನ ಹಳದಿ ಹೂವುಗಳ ಮೇಲೆ ಒಮ್ಮೆ ಕೈಯಾಡಿಸಿ, ಮಂಚದಲ್ಲಿ ಪಕ್ಕಕ್ಕೆ ಸರಿದಳು.

"ಬಾ ಅತ್ತೆ, ಕೂತ್ಕೋ."

ಸೊಸೆ ಬಾಯಲ್ಲಿ ಮೊದಲ ಸಲ ಬಂದ ಆ 'ಬಾ' ಟೈಲರಮ್ಮನಿಗೆ ಇಡೀ ಮೈಗೆ ಕೇಳಿಸಿತು. ಕೂರುವ ಮೊದಲು ಅವರು ಹಾಸಿಗೆಯನ್ನು ಎರಡೆರಡು ಸಲ ತಟ್ಟಿ ನೋಡಿದರು.

"ಏನೂ ಇಲ್ಲ, ಕೂತ್ಕೋ," ಎಂದು ನಕ್ಕು ಸೊಸೆ ಗಿಟಾರನ್ನು ಅವರ ತೊಡೆಯ ಮೇಲಿಟ್ಟಳು. "ತಂತಿ ಆಮೇಲೆ ಬದಲಾಯಿಸೋಣ. ಈಗ ಇದು ನಿನ್ನ ಕೈಗೆ ಸರಿಯಾಗಿದೆ." ಅತ್ತೆಯ ಎಡಗೈ ಬೆರಳುಗಳನ್ನು ಹಿಡಿದು ತಿರುಗಿಸಿ ನೋಡಿದಳು. ಸೂಜಿ ಚುಚ್ಚಿ ಚುಚ್ಚಿ ತುದಿಗಳು ಜಡ್ಡುಗಟ್ಟಿದ್ದವು. "ತಂತಿ ಒತ್ತಿ ಒತ್ತಿ ಇಷ್ಟು ಗಟ್ಟಿಯಾಗೋಕೆ ನನಗೆ ಎಷ್ಟು ಕಾಲ ಬೇಕಾಯ್ತು ಗೊತ್ತಾ? ಇಲ್ಲಿ ಒತ್ತು. ಇನ್ನೂ ಸ್ವಲ್ಪ. ಈಗ ಮೀಟು."

ಮೊದಲು ತಟ್ ಎಂದಿತು. ಇನ್ನೊಮ್ಮೆ ಒತ್ತಿದಾಗ ದುಂಡನೆಯ ಸ್ವರವೊಂದು ಎದ್ದು ಕೋಣೆಯನ್ನು ತುಂಬಿತು. ಟೈಲರಮ್ಮ ಬಾಯಿ ತೆರೆದುಕೊಂಡು ಸೊಸೆಯ ಮುಖ ನೋಡಿದರು.

ಕಿಟಕಿಯಿಂದ ಗಾಳಿ ಬೀಸಿ ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳತೊಡಗಿತು. ಯಜಮಾನರು ಸದ್ದಾಗದಂತೆ ಹೋಗಿ, ಮೇಜಿನ ಮೇಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ತಂದು ಬಾಗಿಲಿಗೆ ಅಡ್ಡ ಇಟ್ಟರು.