ಅಂಗಿಯ ಬಾಲ

ಬಿಲ್ಲು ಸದ್ದು ಮಾಡುತ್ತಿದೆಯೆ, ಎಮರಿಯ ಹತ್ತಿರ ಒಯ್ಯಿ. ಪೆನ್ಸಿಲ್ವೇನಿಯಾದ ಉತ್ತರದ ಆ ಬೆಟ್ಟಗಳಲ್ಲಿ ಈ ಮಾತು ಗೊತ್ತಿಲ್ಲದ ಬೇಟೆಗಾರನಿಲ್ಲ. ಜಿಂಕೆಯ ಕಿವಿ ಎಂಥದೆಂದು ಹೇಳಬೇಕಾಗಿಲ್ಲ. ಹೆದೆ ಬಿಟ್ಟ ಸದ್ದು ಬಾಣಕ್ಕಿಂತ ಮೊದಲೇ ಅದನ್ನು ಮುಟ್ಟುತ್ತದೆ. ಮುಟ್ಟಿದ ಕೂಡಲೇ ಅದು ಕಾಲು ಮಡಚಿ ತಗ್ಗುತ್ತದೆ, ಬಾಣ ಅದರ ಬೆನ್ನ ಮೇಲೆ ಹಾದುಹೋಗಿ ಯಾವುದೋ ಮರಕ್ಕೆ ನೆಡುತ್ತದೆ. ಎರಡು ತುದಿಗೂ ಗಾಲಿಯಿರುವ ಈ ಕಾಂಪೌಂಡ್ ಬಿಲ್ಲುಗಳಲ್ಲಿ ತಿರುಪುಗಳೂ ತಂತಿಗಳೂ ಒಂದೆರಡಲ್ಲ, ಸದ್ದು ಎಲ್ಲಿಂದ ಬೇಕಾದರೂ ಹೊರಡಬಹುದು. ಎಮರಿ ಬಿಲ್ಲಿನ ನಡುವೆ ಮುಷ್ಟಿಯಿಂದ ಒಮ್ಮೆ ಗುದ್ದಿ, ಕಿವಿಗೊಟ್ಟು ಕೇಳಿ, "ಗುರಿಗಣ್ಣಿನ ಕೆಳಗಿನ ತಿರುಪು" ಎನ್ನುತ್ತಿದ್ದ. ಅಲ್ಲೇ ಇರುತ್ತಿತ್ತು.

ಅವನ ಶೆಡ್ಡಿನ ಬಾಗಿಲ ಮೇಲೊಂದು ಹಲಗೆ. "ಬಾಣವಿಲ್ಲದೆ ಹೆದೆ ಬಿಟ್ಟವರು ತಮ್ಮ ಹಲ್ಲು ತಾವೇ ಹುಡುಕಿಕೊಳ್ಳಬೇಕು." ಬಾಣವಿದ್ದರೆ ಬಿಲ್ಲಿನ ಬಲವೆಲ್ಲ ಬಾಣದ ಜೊತೆ ಹೊರಟುಹೋಗುತ್ತದೆ. ಇಲ್ಲದಿದ್ದರೆ ಅಷ್ಟೂ ಬಲ ಬಿಲ್ಲಿನ ತೋಳುಗಳಿಗೇ ತಿರುಗಿ ಬಡಿಯುತ್ತದೆ. ತೋಳು ಕೂದಲೆಳೆಯಷ್ಟು ಸೀಳಿದರೂ ಸಾಕು, ಮುಂದೆಂದೋ ಪೂರ್ತಿ ಎಳೆದಾಗ ಮುಖದೆದುರೇ ಸಿಡಿಯುತ್ತದೆ. ಹಾಗೆ ಖಾಲಿ ಬಿಟ್ಟವರನ್ನು ಎಮರಿ ಎಷ್ಟು ಹಂಗಿಸುತ್ತಿದ್ದನೆಂದರೆ ಒಬ್ಬಿಬ್ಬರು ಅವನ ಬಾಯಿಗೆ ಹೆದರಿ ಬೇರೆ ಊರಿಗೆ ಬಿಲ್ಲು ಒಯ್ದದ್ದೂ ಉಂಟು. ಶಾಸ್ತ್ರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಆದರೆ ಆಗಸ್ಟಿನವರೆಗೆ ಎಮರಿ ಆ ಬದನೆಕಾಯಿ ತಿಂದಿರಲಿಲ್ಲ, ಅದನ್ನೂ ಹೇಳಿಬಿಡಬೇಕು.

ಆಗಸ್ಟಿನಲ್ಲಿ ಡೀನಾ ಬಂದಳು, ಅವನ ತಮ್ಮ ಲಾಯ್ಡನ ಮಗಳು. ಲಾಯ್ಡ್ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದ. ಅಪ್ಪನ ಬಿಲ್ಲನ್ನು ಕೂಸಿನ ಹಾಗೆ ಕಂಬಳಿಯಲ್ಲಿ ಸುತ್ತಿ ತಂದಿದ್ದಳು.

"ದೊಡ್ಡಪ್ಪ, ಇದನ್ನ ನನ್ನ ತೋಳಿಗೆ ಹೊಂದೋ ಹಾಗೆ ಮಾಡಿಕೊಡ್ತೀರಾ? ಈ ಸಲ ಬೇಟೆಗೆ ಕಾಡಲ್ಲಿ ಅಪ್ಪನ ಅಟ್ಟಣೆ ಮೇಲೆ ನಾನೇ ಕೂರ್ತೀನಿ."

"ಬಿಟ್ಟು ಹೋಗು ಮಗಳೇ, ಭಾನುವಾರ ಬಾ" ಎಂದ ಎಮರಿ.

ಅವಳಿಗಾಗಿ ಬಿಲ್ಲಿನ ಬಿಗಿ ತಗ್ಗಿಸಬೇಕಿತ್ತು. ತಗ್ಗಿಸುವ ಮುಂಚೆ ಒಮ್ಮೆ, ಒಂದೇ ಒಂದು ಸಲ, ಲಾಯ್ಡನ ಬಿಗಿಯಲ್ಲೇ ಎಳೆದು ನೋಡೋಣ ಎನ್ನಿಸಿತು. "ಅಣ್ಣಾ, ಇದು ನಿನ್ನ ಕೈಲಾಗಲ್ಲ ಬಿಡು" ಎಂದು ತಮ್ಮ ಬದುಕಿರುವಷ್ಟು ಕಾಲ ಕೆಣಕಿದ್ದ. ಬಾಗಿಲು ಮುಚ್ಚಿಕೊಂಡು, ಹೆದೆಯನ್ನು ಹಿಡಿದು ಬಿಡುವ ಟ್ರಿಗರಿನ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಂಡು, ಅರವತ್ತೆಂಟರ ಮುದುಕ ಬಾಣವಿಡದೆಯೇ ಎಳೆದ. ಬಂತು. ಪೂರ್ತಿ ಬಂತು! ನೋಡೋ ಲಾಯ್ಡ್, ಎಂದುಕೊಳ್ಳುವಷ್ಟರಲ್ಲಿ ಆಪರೇಷನ್ ಆಗಿದ್ದ ಹೆಗಲು ನಡುಗಿತು, ಬೆರಳು ಟ್ರಿಗರಿಗೆ ತಾಗಿತು. ಬಂದೂಕು ಹಾರಿದಂಥ ಸದ್ದು.

ಯಾರೂ ನೋಡಿರಲಿಲ್ಲ. ಎಮರಿ ಹೆದೆ ಬದಲಿಸಿದ, ಗಾಲಿ ತಿರುಗಿಸಿ ನೋಡಿದ, ತೋಳುಗಳನ್ನು ದೀಪದ ಕೆಳಗೆ ಹಿಡಿದು ನೋಡಿದ. ಏನೂ ಕಾಣಲಿಲ್ಲ. ಊರವರ ಬಿಲ್ಲು ಬಂದರೆ ತೋಳಿನ ಉದ್ದಕ್ಕೂ ಹತ್ತಿಯ ಉಂಡೆ ಎಳೆಯುತ್ತಿದ್ದ. ಕಣ್ಣಿಗೆ ಕಾಣದ ಸೀಳು ಹತ್ತಿಯ ಎಳೆ ಹಿಡಿದುಕೊಂಡು ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಈ ಬಿಲ್ಲಿಗೆ ಮಾತ್ರ ಹತ್ತಿ ಎಳೆಯಲಿಲ್ಲ. ಎಳೆದರೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಎಂಬ ಭಯ. ಭಾನುವಾರ ಡೀನಾ ಬಂದು ಕೆನ್ನೆಗೆ ಮುತ್ತಿಟ್ಟು ಬಿಲ್ಲು ಒಯ್ದಳು. ಅಂದಿನಿಂದ ಎಮರಿಗೆ ಆ ಹಲಗೆಯ ಕೆಳಗೆ ತಲೆಯೆತ್ತಿ ಒಳಹೋಗುವುದಕ್ಕೂ ನಾಚಿಕೆ.

ಅಕ್ಟೋಬರಿನ ಮೊದಲ ಶನಿವಾರ, ಬಿಲ್ಲುಬೇಟೆ ಶುರುವಾಗುವ ದಿನ, ಬೇಟೆಯ ಗೆಳೆಯರೆಲ್ಲರೂ ಕ್ಯಾಂಪಿಗೆ ಬಂದರು. ಕ್ಯಾಂಪೆಂದರೆ ಕಾಡಿನೊಳಗಿನ ಮರದ ಮನೆ, ಒಂದು ಒಲೆ, ಆರು ಮಂಚ, ಮತ್ತು ಒಂದು ಗೋಡೆ. ಗೋಡೆಯ ತುಂಬ ಅಂಗಿಯ ಬಾಲಗಳು. ಜಿಂಕೆಗೆ ಗುರಿಯಿಟ್ಟು ತಪ್ಪಿದವರ ಅಂಗಿಯ ಹಿಂದಿನ ತುದಿಯನ್ನು ಕತ್ತರಿಸಿ, ಹೆಸರು ಬರೆದು, ಮೊಳೆ ಹೊಡೆದು ನೇತುಹಾಕುವುದು ಅಜ್ಜಂದಿರ ಕಾಲದ ಕಟ್ಟಳೆ. ಕತ್ತರಿ ಹಿಡಿಯುವ ಹಕ್ಕು ಕ್ಯಾಂಪಿನ ಹಿರಿಯನದು, ಅಂದರೆ ಎಮರಿಯದು.

ಬೆಳಿಗ್ಗೆ ಅಪ್ಪನ ಅಟ್ಟಣೆಯ ಕೆಳಗೇ ಡೀನಾಗೆ ದೊಡ್ಡ ಕೊಂಬಿನ ಗಂಡು ಜಿಂಕೆ ಕಾಣಿಸಿತು. ಮಧ್ಯಾಹ್ನದ ಊಟಕ್ಕೆ ಬರುವಾಗ ಅವಳ ಕೈಯಲ್ಲಿದ್ದದ್ದು ಮಣ್ಣು ಮೆತ್ತಿದ ಬಾಣ ಮಾತ್ರ.

"ಬಿಲ್ಲು ಝೇಂಕರಿಸ್ತು. ಜಿಂಕೆ ಕೇಳಿಸಿಕೊಂಡು ತಗ್ಗಿಬಿಡ್ತು" ಎಂದಳು.

"ಆಹಾ!" ಎಂದ ಗಸ್, ಎಮರಿಯ ಶಾಲೆಯ ಕಾಲದ ಗೆಳೆಯ, ಬಾಯಿಗೆ ಬೀಗವಿಲ್ಲದವನು. "ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ! ನಿಮ್ಮಪ್ಪ ಇದೇ ಬಿಲ್ಲಲ್ಲಿ ಇಪ್ಪತ್ತು ವರ್ಷ ಹೊಡೆದ ತಾಯೀ, ಅವನಿಗೆ ಯಾವತ್ತೂ ಝೇಂಕರಿಸಲಿಲ್ಲ. ಎಮರೀ, ಕತ್ತರಿ ತಗೊಳೋ!"

ಡೀನಾ ನಕ್ಕು ತಿರುಗಿ ನಿಂತಳು. ಮೈಮೇಲಿದ್ದದ್ದು ಲಾಯ್ಡನ ಕೆಂಪು ಚೌಕಳಿಯ ಉಣ್ಣೆಯಂಗಿ. ಒಂದು ದಿನಕ್ಕೂ ಬಾಲ ಕಳೆದುಕೊಳ್ಳದ ಅಂಗಿ.

"ಪರವಾಗಿಲ್ಲ ದೊಡ್ಡಪ್ಪ, ಕತ್ತರಿಸಿ. ಕಟ್ಟಳೆ ಅಂದ್ರೆ ಕಟ್ಟಳೆ."

ಬಾಯಿ ಬಿಡಬೇಕಾದ ಹೊತ್ತು ಅದೇ ಆಗಿತ್ತು. ಎಮರಿ ಬಾಯಿ ಬಿಡಲಿಲ್ಲ. ಎಲ್ಲರೂ ಕೇಕೆ ಹಾಕುತ್ತಿದ್ದರು, ಅವನೂ ಹಲ್ಲು ಕಿರಿದ, ತಮ್ಮನ ಅಂಗಿಯನ್ನು ಕತ್ತರಿಸಿದ. ಹಳೆಯ ಉಣ್ಣೆ ದಪ್ಪಗಿತ್ತು, ಎರಡೆರಡು ಸಲ ಕತ್ತರಿ ಒತ್ತಬೇಕಾಯಿತು. ಗಸ್ ಹೆಸರು ಬರೆದು ಮೊಳೆ ಹೊಡೆದ. ಎಮರಿಯ ಜಿಂಕೆಮಾಂಸದ ಸಾರು ಬಟ್ಟಲಲ್ಲೇ ಆರಿತು.

ಊಟವಾದ ಮೇಲೆ ಡೀನಾ ಬಿಲ್ಲು ತಂದು ಜಗಲಿಯ ಮೇಜಿನ ಮೇಲಿಟ್ಟಳು. "ಸಂಜೆ ಮತ್ತೆ ಕೂರ್ಬೇಕು. ಸದ್ದು ನಿಲ್ಲಿಸಿಕೊಡಿ ದೊಡ್ಡಪ್ಪ."

ಎಮರಿ ಬಿಲ್ಲಿನ ನಡುವೆ ಗುದ್ದಿದ. ಗುಂಯ್ ಎಂದಿತು. ಬಿಲ್ಲಿಗೇ ಜೋಡಿಸಿದ್ದ ಬತ್ತಳಿಕೆ ಬಿಚ್ಚಿ ಗುದ್ದಿದ, ಗುರಿಗಣ್ಣು ಬಿಚ್ಚಿ ಗುದ್ದಿದ. ತಿರುಪುಗಳನ್ನೆಲ್ಲ ಬಿಗಿದ, ಹೆದೆಗೆ ಮೇಣ ಸವರಿದ, ರಬ್ಬರಿನ ಕುಚ್ಚು ಕಟ್ಟಿದ, ಬಾಣ ಕೂರುವಲ್ಲಿ ಹೊಸ ಮೆತ್ತೆ ಅಂಟಿಸಿದ. ಪ್ರತಿ ಸಲವೂ ಅದೇ ಗುಂಯ್, ಅದರ ಬಾಲಕ್ಕೆ ಸಣ್ಣದೊಂದು ಟಿಕ್. ಆ ಟಿಕ್ ಎಲ್ಲಿಂದ ಬರುತ್ತಿದೆಯೆಂದು ಅವನ ಕಿವಿಗೆ ಮೊದಲ ಗುದ್ದಿಗೇ ಗೊತ್ತಾಗಿತ್ತು. ಆದರೂ ಕೈ ಅತ್ತ ಹೋಗಲೊಲ್ಲದು. ರಬ್ಬರಿನ ಮೇಲೆ ರಬ್ಬರು ಸುತ್ತುತ್ತ ಕೂತ, ಹಲ್ಲುನೋವಿನವನು ಕೆನ್ನೆಗೆ ಬಟ್ಟೆ ಸುತ್ತಿಕೊಂಡ ಹಾಗೆ.

"ಹತ್ತಿ ಎಳೀಲೇ ಇಲ್ವಲ್ಲ?" ಎಂದಳು ಡೀನಾ. ಚಿಕ್ಕಂದಿನಿಂದ ಅವನ ಶೆಡ್ಡಿನಲ್ಲಿ ಆಡಿ ಬೆಳೆದವಳು.

"ಅದೆಲ್ಲ ಯಾಕೆ ಈಗ..."

ಅವಳು ಆಗಲೇ ಔಷಧಿ ಡಬ್ಬಿಯಿಂದ ಹತ್ತಿ ತಂದಾಗಿತ್ತು. ಮೇಲಿನ ತೋಳಿನ ಮೇಲೆ ಎಳೆದಳು, ನುಣುಪಾಗಿ ಜಾರಿತು. ಕೆಳಗಿನ ತೋಳಿನ ಬುಡದಲ್ಲಿ ನಿಂತಿತು. ಕೈ ತೆಗೆದಾಗ ಬಿಳಿಯ ಎಳೆಯೊಂದು ಅಲ್ಲೇ ಅಂಟಿಕೊಂಡು ಗಾಳಿಗೆ ಅಲ್ಲಾಡಿತು.

ಗಸ್ ಬಗ್ಗಿ ನೋಡಿದ. ಅವನ ತಮಾಷೆ ಎಲ್ಲೋ ಹೋಯಿತು. "ಖಾಲಿ ಬಿಟ್ಟಿದ್ದಾರೆ ಇದನ್ನ. ದೇವರೇ, ಬೆಳಿಗ್ಗೆ ಈ ಹುಡುಗಿ ಇದನ್ನೇ ಮುಖದ ಮುಂದೆ ಎಳೆದಿದ್ದಾಳೆ."

ಡೀನಾಳ ಮುಖ ಬಿಳುಚಿತು. "ನಾನೇ ಇರ್ಬೇಕು" ಎಂದಳು ಮೆಲ್ಲಗೆ. "ಮನೆ ಹಿಂದೆ ಅಭ್ಯಾಸ ಮಾಡ್ವಾಗ... ಬಾಣ ಸರಿಯಾಗಿ ಕಚ್ಚಿಕೊಂಡಿರಲಿಲ್ವೇನೋ. ನಂಗೆ ನೆನಪೇ ಇಲ್ಲ. ಆದ್ರೆ ನನ್ನ ಬಿಟ್ಟು ಇನ್ಯಾರು ಮುಟ್ಟಿದ್ದಾರೆ?" ಎಮರಿಯ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು. "ಕ್ಷಮಿಸಿ ದೊಡ್ಡಪ್ಪ. ಅಷ್ಟು ಕಷ್ಟಪಟ್ಟು ಮಾಡಿಕೊಟ್ರಿ. ಅಪ್ಪನ ಬಿಲ್ಲು ನಾನು ಹಾಳ್ಮಾಡ್ಬಿಟ್ಟೆ."

ಎಲ್ಲರೂ ಅವಳನ್ನು ಸಮಾಧಾನ ಮಾಡತೊಡಗಿದರು, ಹೊಸಬರಿಗೆ ಹೀಗಾಗುತ್ತದೆ ಎಂದರು. ಎಮರಿ ಇನ್ನೊಂದು ಗಳಿಗೆ ಸುಮ್ಮನಿದ್ದರೆ ಸಾಕಿತ್ತು, ತಪ್ಪು ಶಾಶ್ವತವಾಗಿ ಅವಳ ತಲೆಗೇ ಅಂಟಿಬಿಡುತ್ತಿತ್ತು. ಹೊಣೆ ಅಷ್ಟು ಸುಲಭವಾಗಿ ತನ್ನಿಂದ ಜಾರಿಹೋಗುತ್ತಿರುವುದನ್ನು ಕಂಡೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ನಾನು ಕಣಮ್ಮ" ಎಂದ. "ಆಗಸ್ಟಿನಲ್ಲಿ. ನೀನು ಬಿಟ್ಟುಹೋದ ದಿನಾನೇ. ನನ್ನ ಕೈಲಾಗತ್ತಾ ಅಂತ ಎಳೆದು ನೋಡಿದೆ. ಜಾರಿತು."

ಡೀನಾ ಹತ್ತಿಯ ಉಂಡೆಯನ್ನು ಮೇಜಿನ ಮೇಲಿಟ್ಟಳು.

"ಆಗಸ್ಟಿನಲ್ಲಿ" ಎಂದಳು ಡೀನಾ. "ಮತ್ತೆ ಹತ್ತಿ ಎಳೀಲಿಲ್ವಾ?"

"ಇಲ್ಲ."

"ಯಾಕೆ?"

"ಹೆದರಿಕೆ."

ಅವಳು ಬಿಲ್ಲನ್ನು ನೋಡಿದಳು, ತೆರೆದ ಬಾಗಿಲೊಳಗಿನ ಗೋಡೆಯನ್ನು ನೋಡಿದಳು. ಎಮರಿ ಒಳಗೆ ಹೋಗಿ ಕತ್ತರಿ ತಂದ. ಪ್ಯಾಂಟಿನೊಳಗಿಂದ ಅಂಗಿಯ ಬಾಲ ಎಳೆದು ಹೊರತೆಗೆದು, ಅವಳಿಗೆ ಬೆನ್ನು ಮಾಡಿ ನಿಂತು, ಕತ್ತರಿಯನ್ನು ಹಿಂದಕ್ಕೆ ಚಾಚಿದ. ಕತ್ತರಿಸಿಬಿಡಲಿ. ದೊಡ್ಡದಾಗಿ ಹೆಸರು ಬರೆಯಲಿ. ಗಸ್ ಸಾಯುವವರೆಗೂ ಆಡಿಕೊಂಡು ನಗಲಿ. ನಕ್ಕುಬಿಟ್ಟರೆ ಮುಗಿಯಿತಲ್ಲ.

ಕತ್ತರಿಯನ್ನು ಯಾರೂ ತೆಗೆದುಕೊಳ್ಳಲಿಲ್ಲ.

"ಅದು ಗುರಿ ತಪ್ಪಿದವರಿಗೆ, ದೊಡ್ಡಪ್ಪ" ಎಂದಳು ಡೀನಾ. ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ.

ಅವಳು ಒಳಗೆ ಹೋಗಿ ಗೋಡೆಯ ಮೊಳೆ ಕಿತ್ತಳು. ಕೆಂಪು ಚೌಕಳಿಯ ತುಂಡನ್ನು ಮಡಚಿ ಜೇಬಿಗೆ ಹಾಕಿಕೊಂಡು, ಬಿಲ್ಲಿಗೆ ಕಂಬಳಿ ಸುತ್ತಿ, ಕಾರಿನ ಕಡೆ ನಡೆದಳು. ಗೋಡೆಯಿಂದ ತುಂಡು ಕಿತ್ತು ಒಯ್ದವರು ಆವರೆಗೆ ಯಾರೂ ಇರಲಿಲ್ಲ, ಆದರೆ ಯಾರೂ ತಡೆಯಲಿಲ್ಲ. ಯಾವ ಮಾತಿಗೂ ಮಾತು ಸೇರಿಸದೆ ಬಿಡದ ಗಸ್ ಒಲೆಗೆ ಸೌದೆ ಒಟ್ಟುವ ನೆಪದಲ್ಲಿ ಒಳಗೆ ಹೋದ. ಉಳಿದವರೂ ಒಬ್ಬೊಬ್ಬರಾಗಿ ಎದ್ದರು.

ಎಮರಿ ಕತ್ತರಿಯನ್ನು ಮೇಜಿನ ಮೇಲಿಟ್ಟ. ಆಮೇಲೆ, ಎದ್ದವರು ನೋಡುತ್ತಿರುವಂತೆಯೇ, ಇಡಿಯಾಗಿದ್ದ ತನ್ನ ಅಂಗಿಯ ಬಾಲವನ್ನು ಮತ್ತೆ ಪ್ಯಾಂಟಿನೊಳಗೆ ಸೇರಿಸಿಕೊಳ್ಳಬೇಕಾಯಿತು.